ಬೆಳ್ಳಕ್ಕಿ ಬೆಟ್ಟ ತಲೆಕೆಳಗಾದಾಗ

"ಸೆಂತೇವಾ..."

ಆ ದನಿ ಕೇಳಿದ್ದೇ ತಡ, ಕೆಂಪು ಬಣ್ಣ ಅರೆಯುತ್ತಿದ್ದ ಅವಳ ಕೈ ನಿಂತುಬಿಟ್ಟಿತು. ಮೂರು ವರ್ಷ! ಈ ದನಿಯನ್ನು ಶಪಿಸುತ್ತಲೇ ಕಾದಿದ್ದಳು ಅವಳು.

ಬಾಗಿಲಲ್ಲಿ ಗಾಸ್ಪಾರ್ ನಿಂತಿದ್ದ. ಈ ನಾಡನ್ನು ಗೆದ್ದು ಆಳುತ್ತಿದ್ದ ಸ್ಪೇನಿನವರ ನ್ಯಾಯಾಲಯದ ದುಭಾಷಿ. ಅದಕ್ಕೂ ಮೊದಲು ಅವಳ ಅಪ್ಪನ ಬಳಿ ಚಿತ್ರ ಬರೆಯಲು ಕಲಿತವನು, ಅವಳ ಕೈ ಹಿಡಿಯಬೇಕಾಗಿದ್ದವನು.

"ಏನು ದೊಡ್ಡ ಮನುಷ್ಯರು, ದಾರಿ ತಪ್ಪಿ ಬಂದ್ರಾ? ಕುಡಿಯೋಕೆ ನೀರು ಮಾತ್ರ ಕೇಳ್ಬೇಡಿ. ಅದು ಹೋಗಿದ್ದೇ ನಿಮ್ಮ ದಯೆಯಿಂದ!"

ಅವನು ತಲೆ ತಗ್ಗಿಸಿದ.

ಮೂರು ವರ್ಷದ ಹಿಂದೆ, ಬೆಟ್ಟದ ಬುಡದ ನೀರಿನ ಚಿಲುಮೆ ತಮ್ಮೂರಿನದೆಂದು ನ್ಯಾಯಾಲಯಕ್ಕೆ ತೋರಿಸಲು ಅವಳ ಅಪ್ಪ ಚಿತ್ರಪಟ ಬರೆದಿದ್ದ. ಒಂದು ಬೆಟ್ಟ, ಅದರ ಮೇಲೊಂದು ಬೆಳ್ಳಕ್ಕಿ. ಆ ಚಿತ್ರವೇ ಊರಿನ ಹೆಸರು. ನಾಲ್ಕೂ ಅಂಚಿಗೆ ಊರುಗಳನ್ನು ಬರೆದ ಇಂಥ ಪಟವನ್ನು ನೆಲಕ್ಕೆ ಹಾಸಿ ಸುತ್ತ ನಡೆಯುತ್ತ ಓದಬೇಕು. ಇದ್ದಲ್ಲೇ ಇದ್ದರೆ ಆಚೆ ಬದಿಯ ಬೆಟ್ಟ ತಲೆಕೆಳಗಾಗಿ ಕಾಣುತ್ತದೆ. ಈ ಚಿತ್ರಭಾಷೆಯಲ್ಲಿ ತಲೆಕೆಳಗಾದ ಬೆಟ್ಟ ಎಂದರೆ ಸೋತು ಪರರ ಕೈ ಸೇರಿದ ಊರು.

ಗಾಸ್ಪಾರ್ ನ್ಯಾಯಾಧೀಶರ ಮೇಜಿನ ಬಳಿ ನಿಂತಲ್ಲೇ ನಿಂತು, "ಸೋತ ಊರು" ಎಂದುಬಿಟ್ಟಿದ್ದ! ಪಟ ತಿರುಗಿಸಲು ಸೆಂತೇವಾ ಕೈ ಚಾಚಿದಳು, ಕಾವಲಿನವ ತಡೆದ. ಚಿಲುಮೆ ದನ ಸಾಕುವ ಸ್ಪೇನಿನವನ ಪಾಲಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಆ ದನದವನ ಮನೇಲಿ ಊಟ ಚೆನ್ನಾಗಿತ್ತಾ?"

"ಯಾರ ಮನೇಲೂ ಉಣ್ಲಿಲ್ಲ ಕಣೇ. ಪಾದ್ರಿಗಳ ಪುಸ್ತಕ ಕೂತಲ್ಲೇ ಓದೀ ಓದೀ... ಸುತ್ತ ನಡೀಬೇಕು ಅನ್ನೋದೇ ಮರೆತೆ. ನೀನು ಕೈ ಚಾಚಿದಾಗ ಗೊತ್ತಾಯ್ತು. ಎಲ್ಲರ ಮುಂದೆ 'ತಪ್ಪಾಯ್ತು' ಅನ್ನೋಕೆ ನಾಲಿಗೆ ಹೊರಳ್ಲಿಲ್ಲ."

ಮಾರಿಕೊಂಡಿರಲಿಲ್ಲ... ಹೆದರಿದ್ದ! ಇಷ್ಟಕ್ಕಾ ನಮ್ಮ ನೀರು ಹೋಗಿದ್ದು? ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

"ಮೊನ್ನೆ ನ್ಯಾಯಾಧೀಶರ ಮುಂದೆ ಒಪ್ಕೊಂಡೆ. ಕೆಲಸದಿಂದ ಓಡಿಸಿದ್ರು. ತೀರ್ಪು ಮಾತ್ರ ಬದಲಾಗಲ್ವಂತೆ. ಗುರುಗಳ ಕಾಲು ಹಿಡಿಯೋಣ ಅಂತ ಬಂದೆ..."

"ಅಪ್ಪ ಇಲ್ಲ, ಗಾಸ್ಪಾರ್. ಹೋದ ಮಳೆಗಾಲದಲ್ಲೇ..."

ಅವನು ಬಾಗಿಲಲ್ಲೇ ಕುಸಿದು ಕೂತ.

"'ಹುಡುಗ ಬರ್ತಾನೆ, ಪಟ ಜೋಪಾನ' ಅಂತಿದ್ದ, ಕೊನೇವರೆಗೂ. ನಾನೇ ಬೈತಿದ್ದೆ."

ಅವಳು ಪಟ ತಂದು ಚಾಪೆಯ ಮೇಲೆ ಹಾಸಿದಳು. ಬೆಟ್ಟ ಬರೆದ ಬದಿಗೆ ಹೋಗಿ ಕೂತಳು.

"ಓದು."

"ಇನ್ನು ನನ್ನ ಓದಿಗೆ ಯಾವ ಕೋರ್ಟಲ್ಲಿ ಬೆಲೆ?"

"ಕೋರ್ಟಿಗಲ್ಲ. ನನಗೆ."

ಅವನು ಎದ್ದು ಪಟದ ಅಂಚಿನಲ್ಲಿ ನಡೆದ. "ಕಳ್ಳಿಯ ಊರು... ಜೊಂಡಿನ ಊರು..." ಒಂದೊಂದು ಹೆಜ್ಜೆಗೂ ಬೆಟ್ಟ ಮೆಲ್ಲಗೆ ನೆಟ್ಟಗಾಯಿತು. ಕೊನೆಗೆ ಅವನು ಬಂದು ನಿಂತದ್ದು ಸೆಂತೇವಾಳ ಪಕ್ಕದಲ್ಲಿ.

"ಬೆಳ್ಳಕ್ಕಿ ಬೆಟ್ಟ. ಬುಡದಲ್ಲಿ... ನಮ್ಮ ನೀರು."

"ಇಷ್ಟೇ ದೂರ ಇತ್ತಲ್ಲೋ!" ಅವಳು ಎದ್ದು, ಬಿಕ್ಕುತ್ತ ಅವನ ಎದೆಗೆ ಗುದ್ದಿದಳು. "ಅವತ್ತು ನಾಲ್ಕು ಹೆಜ್ಜೆ ಹಾಕಕ್ಕಾಗ್ಲಿಲ್ವಾ ನಿನಗೆ?"

"ತುಂಬಾ ತಡ ಆಯ್ತಾ, ಸೆಂತೇವಾ?"

"ತುಂಬಾ." ಕಣ್ಣೊರೆಸಿಕೊಂಡು ಖಾಲಿ ಕೊಡವೊಂದನ್ನು ಅವನ ಕೈಗಿತ್ತು, ಇನ್ನೊಂದನ್ನು ತಾನು ಎತ್ತಿಕೊಂಡಳು. "ಈಗ ನೀರಿಗೆ ಆ ಗುಡ್ಡ ದಾಟ್ಬೇಕು."

"ಎರಡೂ ಕೊಡ ನಾನೇ ಹೊರ್ತೀನಿ."

"ಬೇಡ, ಇದು ನನಗಿರ್ಲಿ. ನೀನು ಜೊತೆಗೆ ನಡಿ... ಸಾಕು."