ಎರಡೇ ಸೆಕೆಂಡಿನ ಸುಳ್ಳು

ಬೆಳಿಗ್ಗೆ ಹತ್ತಕ್ಕೆ ಬೆಟ್ಟದೂರು ಕೋಚ್ಕೋರ್‌ನಿಂದ ಫೋನ್ ಬಂತು.

"ರಖಾತ್, ನಿನ್ನೆ ಇಪ್ಪತ್ತೇಳು ಆರ್ಡರ್ ಬಂತು ಅಂತ ಕಾಲಿಪಾ ಅಪಾ ಹೇಳಿದ್ರು. ಸೈಟಿನಿಂದ ನಮ್ಮ ಕೈಗೆ ಬಂದಿರೋದು ಆರೇ ವಿಳಾಸ. ದಿನಾ ಹೀಗೇ, ತಡವಾಗಿ ಬರತ್ತೆ ಅಂತ ಕಾದ್ವಿ. ಉಳಿದ ಇಪ್ಪತ್ತೊಂದನ್ನ ಯಾರು ನುಂಗಿದ್ರಮ್ಮಾ?"

ರಖಾತ್ ಎಂದರೆ ನಾನು. ರಾಜಧಾನಿ ಬಿಷ್ಕೆಕ್‌ನ ನಮ್ಮ ಪುಟ್ಟ ಆಫೀಸಿನಲ್ಲಿ ಗಿರಾಕಿಗಳ ಪತ್ರಕ್ಕೆ ಉತ್ತರ ಬರೆಯುವವಳು. ಕೋಚ್ಕೋರ್‌ನ ನಲವತ್ತು ಹೆಂಗಸರು ಉಣ್ಣೆ ತುಳಿದು, ಕತ್ತರಿಸಿ, ಹೊಲಿದು ಶಿರ್ದಾಕ್ ನೆಲಹಾಸು ಮಾಡುತ್ತಾರೆ. ನಾವು ಅದನ್ನು ನಮ್ಮ ಸೈಟಿನಲ್ಲಿ ಮಾರುತ್ತೇವೆ. ನಡುವೆ ಇಪ್ಪತ್ತೊಂದು ಆರ್ಡರ್ ಮಾಯ!

ಫೋನನ್ನು ಸ್ಪೀಕರಿಗೆ ಹಾಕಿದ್ದು ನನ್ನ ದಡ್ಡತನ. ಒಳಗಿನ ಕೋಣೆಯಿಂದ ಕಾಲಿಪಾ ಅಪಾ ಎದ್ದು ಬಂದರು. ಈ ಸಂಸ್ಥೆ ಕಟ್ಟಿದವರು ಅವರು. ನಮಗೆಲ್ಲ ಅಪಾ, ಅಂದರೆ ತಾಯಿ. ತಿಂಗಳ ಹಿಂದೆ ಕಣ್ಣಿನ ಆಪರೇಷನ್ ಆಗಿತ್ತು. ಅಂದಿನಿಂದ ದಪ್ಪ ಅಕ್ಷರದಲ್ಲಿ ಅಚ್ಚಾದ ಕಾಗದವನ್ನು ಮಾತ್ರ ಓದುತ್ತಿದ್ದರು. ದಿನಕ್ಕೊಂದು ಕಾಗದ. ಸೈಟಿನ ದಿನದ ವರದಿ.

ಅವರು ಒಂಬತ್ತು ಕಾಗದಗಳನ್ನು ಮೇಜಿನ ಮೇಲೆ ಹಾಕಿದರು. ಒಂಬತ್ತರಲ್ಲೂ ಒಂದೇ ರಾಗ. ಪುಟ ತೆರೆಯಲು ಎರಡು ಸೆಕೆಂಡ್. ಆರ್ಡರ್ ಚೆನ್ನಾಗಿದೆ. ಎಲ್ಲ ಕ್ಷೇಮ.

ನಾನು ನನ್ನ ಹಳೇ ಫೋನಿನಲ್ಲಿ ಸೈಟ್ ತೆರೆದೆ. ಎಲ್ಲರೂ ಎಣಿಸಿದೆವು. ಹದಿನಾಲ್ಕು ಸೆಕೆಂಡ್. ಕೊಳ್ಳುವ ಪುಟವಂತೂ ತೆರೆಯಲೇ ಇಲ್ಲ.

"ಬೆಗಾಯಿಮ್, ವರದಿ ಬರೆಯೋಳು ನೀನು," ಎಂದರು ಅಪಾ.

"ಅಪಾ, ನಾನು ಹದಿನಾಲ್ಕು ಅಂತಲೇ ಬರ್ದಿದ್ದೆ. ಮೊದಲನೇ ಸಾಲಲ್ಲೇ."

"ತೋರಿಸು."

ಬೆಗಾಯಿಮ್ ಇಂದಿನದೊಂದನ್ನು ತೋರಿಸಿದಳು; ಈಗ ತಾನೇ ತಿದ್ದಿರಬೇಕು ಎಂದು ಅಪಾ ಒಪ್ಪಲಿಲ್ಲ. ನಿನ್ನೆಯ ವರದಿಯ ಮೇಲೇ ಇಂದಿನದನ್ನು ಬರೆಯುವುದು ಅವಳ ರೂಢಿ. ಒಂದೇ ಕಡತ. ಹಳೆಯದು ಒಂದೂ ಉಳಿದಿರಲಿಲ್ಲ.

"ಒಂಬತ್ತು ದಿನ ಬಾಯಿಬಿಟ್ಟು ಯಾಕೆ ಹೇಳ್ಲಿಲ್ಲ?"

"ನೀವು ಓದಿರ್ತೀರ ಅಂದ್ಕೊಂಡೆ. ದೊಡ್ಡೋರಿಗೆ ಎರಡೆರಡು ಸಲ ಹೇಳೋದು ಸರಿಯಲ್ಲ ಅಂತ..."

ಅಪಾ ಗೋಡೆಯ ಹಲಗೆಯತ್ತ ಕೈ ತೋರಿಸಿದರು. ಅಲ್ಲಿ ನಮ್ಮೆಲ್ಲರ ಚಹಾದ ಪಿಯಾಲೆಗಳು ಸಾಲಾಗಿದ್ದವು. ಬೆಗಾಯಿಮ್‌ಳದ್ದು ನೀಲಿ ಬಟ್ಟಲು. ಅಪಾ ತಮ್ಮ ಕೈಯಾರೆ ಕೊಟ್ಟದ್ದು.

"ಊಟದ ಹೊತ್ತಿಗೆ ಅದು ಅಲ್ಲಿರಬಾರ್ದು. ನಿನ್ನ ಮಾತು ನಂಬಿ ನಲವತ್ತು ಮನೆಗೆ ಇನ್ನೂ ಉಣ್ಣೆ ಕತ್ತರಿಸಿ ಅಂತ ಹೇಳಿದೀನಿ ನಾನು."

ಹುಡುಗಿ ಬಿಳಿಚಿಕೊಂಡಳು. ನಾಲ್ಕು ವರ್ಷ ನನ್ನ ಪಕ್ಕದಲ್ಲಿ ಕೂತು ಕೆಲಸ ಮಾಡಿದವಳು. ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಜೀವ ಅದು. ಆಗ ಅವಳ ಕಿವಿ ಕೆಂಪಾಗಿರಲಿಲ್ಲ.

* * *

ನಾನು ನೇರ ಗೇಟಿಗೆ ಓಡಿದೆ. ನಮ್ಮ ಕಾವಲುಗಾರ ಶಾರ್ಶೆನ್ ಗುಬ್ಬಚ್ಚಿಗಳಿಗೆ ರೊಟ್ಟಿ ಚೂರು ಹಾಕುತ್ತಿದ್ದರು. ಮೂವತ್ತು ವರ್ಷ ಪೊಲೀಸ್ ತನಿಖೆಯಲ್ಲಿದ್ದವರು. ಕಂಪ್ಯೂಟರ್ ಎಂದರೆ ಮೂಗು ಮುರಿಯುತ್ತಾರೆ. ಮನುಷ್ಯರನ್ನು ಮಾತ್ರ ಪುಸ್ತಕದ ಹಾಗೆ ಓದುತ್ತಾರೆ. ನಮಗೆಲ್ಲ ಅವರು ಬಾಯ್ಕೆ, ಅಂದರೆ ಅಣ್ಣ.

"ಬಾಯ್ಕೆ, ಎರಡೇ ಗಂಟೆ ಇದೆ. ಬೆಗಾಯಿಮ್ ಕೆಲಸ ಹೋಗತ್ತೆ."

"ಗುಬ್ಬಿಗಳದ್ದು ಮುಗೀಲಿ," ಎಂದರು. ಮುಗಿಸಿಯೇ ಬಂದರು.

ಒಂಬತ್ತು ಕಾಗದಗಳನ್ನು ಸಾಲಾಗಿ ಹರಡಿ ಕನ್ನಡಕ ಏರಿಸಿದರು.

"ಈ ಕಾಗದ ಯಾವ ದಾರೀಲಿ ನಡೆಯತ್ತೆ? ಹೇಳು."

"ಬೆಗಾಯಿಮ್ ಎಂಟೂವರೆಗೆ ಮನೆಯಿಂದಲೇ ಬರ್ದು ಕಳಿಸ್ತಾಳೆ. ನನ್ನ ಮೇಜಿನ ಪಕ್ಕದ ಪ್ರಿಂಟರ್‌ನಲ್ಲಿ ಬರತ್ತೆ. ಅಡುಗೆಯ ಸೋನುನ್ ಎಜೆ ಚಹಾ ಜೊತೆ ಅಪಾಗೆ ಕೊಡ್ತಾರೆ."

"ಇನ್ಯಾರು ಓದ್ತಾರೆ?"

"ಯಾರೂ ಇಲ್ಲ. ಅಪಾನೇ ಹೇಳಿದಾರೆ, ಮೊದಲು ನಾನು ನೋಡಿ ಆಮೇಲೆ ಎಲ್ಲರಿಗೂ ಹೇಳ್ತೀನಿ ಅಂತ."

"ಒಬ್ಬರೇ ಓದಿದ್ರೆ ಅದು ವರದಿ ಅಲ್ಲ ಕಣಮ್ಮಾ. ಗುಟ್ಟು."

ಆಗ ಗ್ಲೆಬ್ ಕೆಮ್ಮಿದ. ಸೈಟಿನ ರಿಪೇರಿ ನೋಡಿಕೊಳ್ಳುವ ಹುಡುಗ. ಮುಖ ಬೀಟ್‌ರೂಟಿನಂತಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮನಸ್ಸಿನಲ್ಲೇ ಅವನಿಗೆ ಬೇಡಿ ತೊಡಿಸಿಬಿಟ್ಟೆ.

"ಒಂಬತ್ತು ದಿನದ ಹಿಂದೆ ಎಲ್ಲ ಪುಟಕ್ಕೂ ಒಂದು ವಿಡಿಯೋ ಹಾಕ್ದೆ. ಬೆಟ್ಟದ ಹುಲ್ಲುಗಾವಲು, ಓಡೋ ಕುದುರೆಗಳು. ಭಾರ ಜಾಸ್ತಿ. ನನ್ನ ಹೊಸ ಫೋನಲ್ಲಿ ಬೇಗ ತೆರ್ಕೊಳ್ತಿತ್ತು. ನಿಧಾನ ಆಗಿದೆ ಅಂತ ಒಬ್ರೂ ಹೇಳ್ಲಿಲ್ಲ! ಹೇಳಿದ್ರೆ ಹತ್ತು ನಿಮಿಷದ ಕೆಲಸ."

"ಹಾಗಾದ್ರೆ ಇಲ್ಲಿ ಯಾಕೆ ನಿಂತಿದೀಯಾ? ಹೋಗು, ಮಾಡು."

ಅವನು ಓಡಿದ. ನಾನು ಬಿಡಲಿಲ್ಲ. "ಬಾಯ್ಕೆ, ಇವನೇ! ತಪ್ಪು ಮುಚ್ಚಿಡೋಕೆ ವರದಿ ತಿದ್ದಿದಾನೆ. ಅಲ್ದೆ ವಾರದಿಂದ ನನ್ನ ಕೀಬೋರ್ಡ್ ಮೇಲೆ ಎಣ್ಣೆ ಜಿಡ್ಡು. ಎಣ್ಣೇಲಿ ಕರಿದ ಬೊರ್ಸೊಕ್ ತಿಂದ ಕೈಯಲ್ಲಿ ನನ್ನ ಮೇಜಲ್ಲಿ ಆಡ್ತಾನೆ. ಕೇಳಿದ್ರೆ ನಾನಲ್ಲ ಅಂತಾನೆ."

"ತಪ್ಪು ಮುಚ್ಚೋನು ಮೊದಲು ಕುದುರೆ ತೆಗೀತಿದ್ದ," ಎಂದರು ಶಾರ್ಶೆನ್. "ಕುದುರೆ ಅಲ್ಲೇ ಓಡ್ತಿತ್ತು. ಅವನಿಗೆ ಗೊತ್ತೇ ಇರಲಿಲ್ಲ." ಆಮೇಲೆ ನನ್ನ ಮೇಜಿನತ್ತ ತಿರುಗಿದರು. "ಎಣ್ಣೆ ಅಂದೆಯಲ್ಲ? ನೀನು ಎಷ್ಟು ಹೊತ್ತಿಗೆ ಬರ್ತೀಯಾ?"

"ಒಂಬತ್ತೂವರೆಗೆ."

ಅವರು ಒಂದು ಕಾಗದವನ್ನು ಎತ್ತಿ ಮೂಸಿದರು. ಮೀಸೆಯಲ್ಲೇ ನಕ್ಕರು. ಆಮೇಲೆ ಬೆಗಾಯಿಮ್‌ಳನ್ನು ಕರೆದು ಇಂದಿನ ವರದಿ ಅಚ್ಚು ಹಾಕಿಸಿಕೊಂಡರು. ಕಿವಿಯಲ್ಲಿ ಏನೋ ಹೇಳಿದರು.

* * *

ಊಟದ ಹೊತ್ತು. ಎಲ್ಲರೂ ಮೇಜಿನ ಸುತ್ತ ಕೂತಿದ್ದೆವು. ಸೋನುನ್ ಎಜೆ ಲಗ್ಮಾನ್ ಶಾವಿಗೆ ಸಾರು ಬಡಿಸುತ್ತಿದ್ದರು. ಎಜೆ ಎಂದರೆ ಅಕ್ಕ; ಅರವತ್ತೈದರ ಹೆಂಗಸು. ಅಪಾ ಅವರ ಊರಿನವರೇ, ಬಾಲ್ಯದ ಗೆಳತಿ. ನಮ್ಮ ಅಡುಗೆ, ಚಹಾ, ಬೈಗುಳ ಎಲ್ಲ ಅವರದ್ದೇ.

ಬೆಗಾಯಿಮ್ ಎದ್ದಳು. ಹಲಗೆಯಿಂದ ನೀಲಿ ಪಿಯಾಲೆ ತೆಗೆದಳು. ಕರವಸ್ತ್ರ ಬಿಡಿಸಿ ಸುತ್ತತೊಡಗಿದಳು. ಮೆಲ್ಲಗೆ. ತೀರಾ ಮೆಲ್ಲಗೆ. ಯಾರೂ ಉಣ್ಣಲಿಲ್ಲ.

ಸೌಟು ಕೆಳಗೆ ಬಿತ್ತು.

"ಇಡು ಅದನ್ನ!" ಸೋನುನ್ ಎಜೆ ಬಂದು ಬಟ್ಟಲನ್ನು ಕಿತ್ತುಕೊಂಡರು. "ಮಗೂ, ಇಡು. ನೀನಲ್ಲ. ನಾನು."

ಅಪಾ ಗೆಳತಿಯತ್ತ ತಿರುಗಿದರು.

"ಕಂಪ್ಯೂಟರ್ ಮುಟ್ಟೋಕೆ ನಿನಗೆ ಬರತ್ತೇನೇ?"

"ಬರತ್ತೆ," ಎಂದರು ಶಾರ್ಶೆನ್. "ಬೆಗಾಯಿಮ್ ಸಾಲು ಅಂಚಿನಿಂದಲೇ ಶುರುವಾಗತ್ತೆ. ಈ ಒಂಬತ್ತರಲ್ಲಿ ಪ್ರತಿ ಪ್ಯಾರಾನೂ ಐದು ಅಕ್ಷರ ಒಳಗೆ. ಟೈಪ್‌ರೈಟರ್ ಕಲಿತ ಕೈ ಬಿಡಲಾರದ ಅಭ್ಯಾಸ. ಶಾಲೆ ಆಫೀಸಲ್ಲಿ ಇಪ್ಪತ್ತು ವರ್ಷ ಟೈಪ್ ಮಾಡಿದೋರು ಇಲ್ಲಿ ಯಾರಿದಾರೆ?"

ಎಲ್ಲರೂ ಎಜೆಯನ್ನೇ ನೋಡಿದೆವು.

"ಆಮೇಲೆ ಅಂಕಿ ನೋಡಿ. ಆರ್ಡರ್ ಇಪ್ಪತ್ತೇಳು, ಹದಿನೆಂಟು, ಮೂವತ್ತಾರು. ಬಂದೋರು ಒಂಬೈನೂರು, ಸಾವಿರದ ಎಂಟುನೂರು. ಎಲ್ಲ ಒಂಬತ್ತರ ಲೆಕ್ಕ. ಮದುವೆಗೆ ಉಡುಗೊರೆ ಕೊಡುವಾಗ ಒಂಬತ್ತೊಂಬತ್ತಾಗಿ ಕೊಡೋದು ನಮ್ಮ ಹಿರಿಯರ ಪದ್ಧತಿ. ಒಳ್ಳೇದಾಗ್ಲಿ ಅಂತ. ಇದು ಮೋಸಗಾರನ ಕೈಯಲ್ಲ. ಹರಸೋ ಕೈ."

"ಎಣ್ಣೆ?" ನಾನು ಕೇಳಿದೆ.

"ಬೊರ್ಸೊಕ್ ಕರಿಯೋರು ತಿನ್ನೋರಿಗಿಂತ ಮೊದಲೇ ಕೈ ಜಿಡ್ಡು ಮಾಡ್ಕೊಳ್ತಾರೆ, ರಖಾತ್. ನೀನು ಬರೋ ಮುಂಚೆ ನಿನ್ನ ಕುರ್ಚಿ ಖಾಲಿ. ಇಷ್ಟೂ ಗೊತ್ತಿದ್ರೂ ನಾನು ಬಾಯಿ ಬಿಡಲಿಲ್ಲ. ಪಿಯಾಲೆ ಸುತ್ತೋದನ್ನ ಎಜೆ ನೋಡ್ತಾ ಕೂರಲಾರರು ಅಂತ ಗೊತ್ತಿತ್ತು. ಮೆಲ್ಲಗೆ ಸುತ್ತಮ್ಮಾ ಅಂದೆ, ಅಷ್ಟೇ."

ಗ್ಲೆಬ್ ನನ್ನನ್ನು ನೋಡಿ ಹುಬ್ಬು ಹಾರಿಸಿದ. ನಾನು ಲಗ್ಮಾನ್ ಬಟ್ಟಲಿಗೆ ಮುಖ ಹಾಕಿದೆ.

ಸೋನುನ್ ಎಜೆ ಕೂತರು. ಪಿಯಾಲೆ ಮಡಿಲಲ್ಲೇ ಇತ್ತು.

"ಡಾಕ್ಟರ್ ಏನಂದ್ರು? ರಕ್ತದೊತ್ತಡ ಏರಿದ್ರೆ ಕಣ್ಣು ಹೋಗತ್ತೆ ಅಂದ್ರು. ಮೊದಲನೇ ದಿನ ಕಾಗದ ನೋಡ್ದೆ, ಹದಿನಾಲ್ಕು ಅಂತಿತ್ತು. ನಾಳೆ ಸರಿಹೋಗತ್ತೆ, ಆಮೇಲೆ ಮೆಲ್ಲಗೆ ಹೇಳೋಣ ಅಂತ ರಖಾತ್ ಮೇಜಲ್ಲಿ ಕೂತು ಬೇರೆ ಕಾಗದ ಟೈಪ್ ಮಾಡಿ ಕೊಟ್ಟೆ. ನಾಳೆ ಸರಿಹೋಗ್ಲಿಲ್ಲ. ನಾಡಿದ್ದೂ ಹೋಗ್ಲಿಲ್ಲ. ಬೆಳಿಗ್ಗೆಯಿಂದ ನಾಲಿಗೆ ಎತ್ತೋಕಾಗ್ಲಿಲ್ಲ ಕಾಲಿಪಾ."

ನಮ್ಮಲ್ಲಿ ಕೆಟ್ಟ ಸುದ್ದಿಯನ್ನು ಥಟ್ಟನೆ ಹೇಳುವುದಿಲ್ಲ. ಮಾತು ಬಲ್ಲ ಹಿರಿಯರೊಬ್ಬರು ಸುತ್ತಿ ಬಳಸಿ, ಎದೆ ಒಡೆಯದಂತೆ ಇಳಿಸುತ್ತಾರೆ. ಊರಿನಲ್ಲಿ ಯಾರ ಮನೆಗೆ ಅಂಥ ಸುದ್ದಿ ಬಂದರೂ ಸೋನುನ್ ಎಜೆಯನ್ನೇ ಕರೆಯುತ್ತಿದ್ದರಂತೆ. ಒಬ್ಬರನ್ನು ಕಾಪಾಡಲು ಹೋಗಿ ಅವರು ನಲವತ್ತು ಮನೆಗೂ ಸುದ್ದಿ ಮುಚ್ಚಿದ್ದರು.

ಅಪಾ ತಮ್ಮ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ನನ್ನ ಗಂಡ ತೀರಿಹೋದಾಗಲೂ ನೀನೇ ಬಂದೆ," ಎಂದರು. "ಹಿಮ ಬಿದ್ದಿದೆ, ಬರೋದು ತಡ ಅಂದೆ. ಮೂರು ದಿನ ಹಾಗೇ ಅಂದೆ. ಆ ಮೂರು ದಿನ ನಾನು ಅವರ ಪಾಲಿನ ರೊಟ್ಟಿ ಸುಟ್ಟು ಬಟ್ಟೇಲಿ ಸುತ್ತಿಡ್ತಿದ್ದೆ, ಬಿಸಿ ಆರಬಾರ್ದು ಅಂತ. ನಿನ್ನ ಮೇಲೆ ಇವತ್ತಿಗೂ ಸಿಟ್ಟಿಲ್ಲ ಸೋನುನ್. ಆ ರೊಟ್ಟಿ ಮಾತ್ರ ಮರೆಯೋಕಾಗಿಲ್ಲ."

ಸೋನುನ್ ಎಜೆ ಸೆರಗಿನಂತೆ ಏಪ್ರನ್ ಎತ್ತಿ ಮುಖ ಮುಚ್ಚಿಕೊಂಡರು. ಬೆಗಾಯಿಮ್ ಹೋಗಿ ಅವರ ಹೆಗಲು ಹಿಡಿದಳು. ನನಗೂ ಕಣ್ಣು ತುಂಬಿತು. ಅದರಲ್ಲಿ ನಾಚಿಕೆ ಏನಿದೆ?

"ನಾನೂ ತಪ್ಪಿತಸ್ಥಳೇ," ಎಂದರು ಅಪಾ. "ಕಾಗದ ನನಗೊಬ್ಬಳಿಗೇ ಬರಲಿ ಅಂದೋಳು ನಾನು. ಬೆಗಾಯಿಮ್, ಕ್ಷಮಿಸು ಮಗಳೇ. ಆ ಬಟ್ಟಲು ಅದರ ಜಾಗದಲ್ಲಿಡು." ಆಮೇಲೆ ಫೋನ್ ಎತ್ತಿ ಕೋಚ್ಕೋರ್‌ಗೆ ತಾವೇ ಕರೆ ಮಾಡಿದರು. ಕತ್ತರಿ ನಿಲ್ಲಿಸಿ ಎಂದರು. ಸುತ್ತಿ ಬಳಸಲಿಲ್ಲ.

* * *

ಮರುದಿನ ಹತ್ತಕ್ಕೆ ಹೊಸ ವರದಿ ಬಂತು. ಎಲ್ಲರ ಫೋನಿಗೂ, ಕೋಚ್ಕೋರ್‌ಗೂ, ದಪ್ಪ ಅಕ್ಷರದಲ್ಲಿ ಗೋಡೆಗೂ. ಮೇಲೆ ತಾರೀಖು. ಕೆಟ್ಟಿದ್ದು ಮೊದಲು. ಪಕ್ಕದಲ್ಲಿ ಯಾರು ಸರಿಮಾಡಬೇಕು, ಯಾವಾಗ ಎಂಬುದು. ಹಳೆಯದು ಅಳಿಸುವಂತಿಲ್ಲ.

ಗಟ್ಟಿಯಾಗಿ ಓದುವ ಕೆಲಸ ಸೋನುನ್ ಎಜೆಗೆ. ಅಪಾ ಅವರ ಅಪ್ಪಣೆ. ಚಹಾ ಮಾತ್ರ ಅಂದು ಅಪಾ ಬಗ್ಗಿಸಿದರು.

"ಒಂಬತ್ತು ದಿನ ಹಳೇ ಫೋನಿನಿಂದ ಯಾರಿಗೂ ಕೊಳ್ಳೋಕಾಗ್ಲಿಲ್ಲ," ಎಜೆ ಓದಿದರು. ದನಿ ಒಡೆಯಿತು. ನಿಲ್ಲಿಸಿದರು.

"ಮುಂದೆ ಓದು," ಎಂದರು ಅಪಾ. "ನಾನು ಗಟ್ಟಿಯಾಗೇ ಇದೀನಿ."

"ನಿನ್ನೆ ಮಧ್ಯಾಹ್ನದಿಂದ ಹನ್ನೊಂದು ಆರ್ಡರ್. ಪುಟ ತೆರೆಯಲು ಎರಡು ಸೆಕೆಂಡ್."

ಅಪಾ ನನ್ನ ಹಳೇ ಫೋನ್ ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಒತ್ತಿದರು.

"ಒಂದು," ಎಂದರು.

ನಾವೆಲ್ಲ ಉಸಿರು ಹಿಡಿದೆವು. ಸೋನುನ್ ಎಜೆ ಎಲ್ಲರಿಗಿಂತ ಬಿಗಿಯಾಗಿ.

"ಎರಡು."

ಪರದೆಯ ತುಂಬ ಕೆಂಪು ಶಿರ್ದಾಕ್ ಹರಡಿಕೊಂಡಿತು. ಅಪಾ ಫೋನನ್ನು ಗೆಳತಿಯತ್ತ ತಿರುಗಿಸಿ, ಇಬ್ಬರೂ ನೋಡುವ ಹಾಗೆ ನಡುವೆ ಹಿಡಿದರು.