ಗಮ್ಮಿಯೊಳಗಿನ ಜೀವ

ಸಂದೀಪ ಬಂಗೇರ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೂ ಹೆಂಡತಿ ಲಾವಣ್ಯಾ ಮನೆ ಬಿಟ್ಟು ಹೋದಳು. ಸರಿಯಾದ ಮಾತಾಡಿ ಸಂಸಾರ ಹಾಳುಮಾಡಿಕೊಂಡ ಗಂಡಸರನ್ನು ಮುಂಬಯಿಯಲ್ಲಿ ಸಾಲಾಗಿ ನಿಲ್ಲಿಸಿದರೆ ಅವನಿಗೆ ಮೊದಲ ನಾಲ್ಕೈದು ಜನರಲ್ಲೇ ಜಾಗ ಸಿಗುತ್ತಿತ್ತು.

ಅವರ ಮಗಳು ಏಳನೇ ತಿಂಗಳಿಗೇ ಹುಟ್ಟಿದವಳು. ಹತ್ತೊಂಬತ್ತು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು, ಕರುಳಿನ ಕಾಯಿಲೆಯಿಂದ ತೀರಿಕೊಂಡಳು. ಹೆಸರಿಡುವಷ್ಟೂ ಪುರುಸೊತ್ತು ಕೊಡಲಿಲ್ಲ. ಆಮೇಲೆ ಲಾವಣ್ಯಾ ಊಟ ಬಿಟ್ಟಳು, ಮಾತು ಬಿಟ್ಟಳು. ಮೊಬೈಲು ಹಿಡಿದು ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದಳು. ಒಂದು ಭಾನುವಾರ ಸಯನ್ನಿನ ಫ್ಲ್ಯಾಟಿನ ಅಡುಗೆಮನೆಯಲ್ಲಿ ಬಂಗುಡೆ ಸಾರು ಕುದಿಯುತ್ತಿರುವಾಗ ಗಂಡನನ್ನು ಕೇಳಿದಳು.

"ಬಸುರಿ ಇರುವಾಗ ನಾನು ಈ ಪ್ರೊಬಯಾಟಿಕ್ ಗಮ್ಮಿ ಎಲ್ಲ ತಿಂದಿದ್ರೆ ಮಗು ಉಳೀತಿತ್ತಾ? ನಿಮ್ಗೆ ಗೊತ್ತುಂಟಲ್ಲ, ಹೇಳಿ."

ಕೈ ಹಿಡಿದುಕೊಂಡು ಸುಮ್ಮನಿದ್ದರೆ ಸಾಕಿತ್ತು. ಸಂದೀಪ ಪಾಠ ಮಾಡಿದ. ಆಹಾರ ಪರೀಕ್ಷಿಸುವ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ಬ್ಯಾಕ್ಟೀರಿಯಾ ಎಣಿಸಿದವನು ಇನ್ನೇನು ಮಾಡಿಯಾನು? ಆಂಟಿಬಯಾಟಿಕ್ ತೆಗೆದುಕೊಂಡವರ ಹೊಟ್ಟೆ ಕೆಡದಂತೆ ಕೆಲವು ಜಾತಿಯವು ನೋಡಿಕೊಳ್ಳುತ್ತವೆ, ಕೆಲವರಿಗೆ ಮಲಬದ್ಧತೆ ಕಡಿಮೆಯಾಗುತ್ತದೆ, ಅಷ್ಟೇ ಎಂದ. ಒಂದು ಜಾತಿ ಮಾಡುವ ಕೆಲಸ ಇನ್ನೊಂದು ಮಾಡುವುದಿಲ್ಲ. ಅದರಲ್ಲೂ ಈ ಗಮ್ಮಿ ಎಂಬುದು ಸಕ್ಕರೆ ಹಾಕಿ ಬೇಯಿಸಿದ ಮಿಠಾಯಿ; ಬಿಸಿಗೆ ಅರ್ಧ ಸಾಯುತ್ತವೆ, ಅಂಗಡಿಯ ಸೆಕೆಗೆ ಉಳಿದರ್ಧ ಸಾಯುತ್ತವೆ. ತೀರಾ ನಿತ್ರಾಣದವರಿಗೆ ಒಮ್ಮೊಮ್ಮೆ ಅಪಾಯವೂ ಹೌದು. ಕೊನೆಗೆ, ಮುಗಿಯಿತು ಎನ್ನುವಂತೆ, "ನಿನ್ನ ಗಮ್ಮಿ ನಮ್ಮ ಮಗುವನ್ನು ಉಳಿಸ್ತಿರಲಿಲ್ಲ" ಎಂದ. ಲಾವಣ್ಯಾ ಗ್ಯಾಸ್ ಆರಿಸಿ ಒಳಗೆ ಹೋದಳು. ಆ ಸಾರನ್ನು ಇಬ್ಬರೂ ತಿನ್ನಲಿಲ್ಲ.

ಮೂರು ತಿಂಗಳ ನಂತರ ಅವಳು ವಿಲೆ ಪಾರ್ಲೆಯಲ್ಲಿ ಶ್ರೀಮಂತ ಎಂಬವನ ಕಂಪನಿಗೆ ಸೇರಿದಳು. ಶ್ರೀಮಂತ ಕಲಬುರಗಿ ಕಡೆಯವನು, ಮಕ್ಕಳಿಗೆಂದು ಆಮೆಯ ಆಕಾರದ ಪ್ರೊಬಯಾಟಿಕ್ ಗಮ್ಮಿ ಮಾಡಿ ಆನ್‌ಲೈನಿನಲ್ಲಿ ಮಾರುತ್ತಿದ್ದ. ಅವಳು ಅವನಿಗೂ ಅದೇ ಪ್ರಶ್ನೆ ಕೇಳಿದ್ದಳಂತೆ. "ಯಾರಿಗ್ ಗೊತ್ತ್ರೀ ಅಕ್ಕಾರ, ಉಳೀತಿತ್ತೋ ಏನೋ. ಮುಂದಿನ ಕೂಸುಗಳಿಗರ ಚಲೋ ಮಾಡೂಣು ಬರ್ರಿ" ಎಂದನಂತೆ. ಜಗಳದ ನಡುವೆ ಲಾವಣ್ಯಾ ಇದನ್ನು ಹೇಳಿದ ದಿನವೇ ಸಂದೀಪನಿಗೆ ಆ ಮನುಷ್ಯನ ಮೇಲೆ ದ್ವೇಷ ಹುಟ್ಟಿತು. ಅಕ್ಕಾ ಎಂದದ್ದು ಕಿವಿಗೆ ಬೀಳಲಿಲ್ಲ. ಯಾರಿಗೆ ಗೊತ್ತು ಎಂಬ ಎರಡು ಪದಗಳಿಂದ, ಏನೂ ಓದದ ಒಬ್ಬ ಮಿಠಾಯಿ ವ್ಯಾಪಾರಿ ತನ್ನ ಹೆಂಡತಿಯನ್ನು ಕಿತ್ತುಕೊಂಡ ಎಂಬುದೊಂದೇ ಉಳಿಯಿತು. ಫ್ಯಾಮಿಲಿ ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಡಿವೋರ್ಸಿಗೆ ಸಹಿ ಮಾಡಿದರು. ಹೊರಗೆ ಬಂದು ಲಾವಣ್ಯಾ ರಿಕ್ಷಾ ಹತ್ತಿದಳು, ಅವನು ಸ್ಟೇಷನ್ನಿಗೆ ನಡೆದ.

ಒಂದು ವರ್ಷದ ಮೇಲೆ ಮಲಾಡಿನ ಲ್ಯಾಬಿನಲ್ಲಿ ಅವನ ಟೇಬಲ್ಲಿಗೆ ಒಂದು ಸ್ಯಾಂಪಲ್ ಬಂತು. ಆಹಾರ ಇಲಾಖೆಯ ಅಧಿಕಾರಿ ಮಾರುಕಟ್ಟೆಯಿಂದ ಎತ್ತಿ ಕಳಿಸಿದ್ದು. ಪರೀಕ್ಷೆ ಮಾಡುವವರಿಗೆ ಯಾರ ಮಾಲು ಎಂದು ತಿಳಿಯಬಾರದೆಂದು ನೋಂದಣಿ ಕೋಣೆಯವರು ಡಬ್ಬಿಯ ಮೇಲೆ ಕಂಪನಿಯ ಹೆಸರನ್ನು ಮಾತ್ರ ಮುಚ್ಚಿ ನಂಬರು ಅಂಟಿಸುತ್ತಾರೆ. ಡಬ್ಬಿ ತೆಗೆದರೆ ಕಿತ್ತಳೆ ಬಣ್ಣದ ಆಮೆಗಳು ಅವನನ್ನೇ ನೋಡುತ್ತಿದ್ದವು. ಸಂದೀಪ ಮುಚ್ಚಳ ಹಾಕಿ, ಹೊರಗೆ ಹೋಗಿ ಒಂದು ಕಟಿಂಗ್ ಚಹಾ ಕುಡಿದು ಬಂದ. ಅಷ್ಟರಲ್ಲಿ ಯೋಜನೆ ಸಿದ್ಧವಾಗಿತ್ತು.

ಸರಳವಾದ ಯೋಜನೆ. ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಇದೆಯೇ ಎಂದು ಎಲ್ಲ ಸ್ಯಾಂಪಲ್ಲುಗಳನ್ನೂ ನೋಡಬೇಕು. ಪರೀಕ್ಷೆ ಸರಿಯಿದೆಯೇ ಎಂದು ತಾಳೆ ನೋಡಲು ಲ್ಯಾಬಿನ ಫ್ರಿಜ್ಜಿನಲ್ಲಿ ಅದೇ ಬ್ಯಾಕ್ಟೀರಿಯಾವನ್ನು ಸಾಕಿಯೂ ಇಟ್ಟಿರುತ್ತಾರೆ. ಗಮ್ಮಿ ನೆನೆಹಾಕಿದ ದ್ರಾವಣಕ್ಕೆ ಅದರ ಒಂದು ಚೂರು ಸೇರಿದರೆ ಐದು ದಿನದಲ್ಲಿ ಉಳಿದ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ. ಸುಳ್ಳು ಬರೆಯುವ ಅಗತ್ಯವೇ ಇಲ್ಲ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನಲ್ಲಿ ಕಂಡದ್ದನ್ನು ಬರೆದರಾಯಿತು. ಯಾರ ಮನೆಯ ಮಗುವೂ ಆ ಗಮ್ಮಿ ತಿನ್ನುವುದಿಲ್ಲ. ಅಂಗಡಿಯಲ್ಲಿರುವ ಮಾಲು ಇದ್ದ ಹಾಗೇ ಇರುತ್ತದೆ.

ಸಿಕ್ಕಿಬೀಳುವ ದಾರಿಗಳನ್ನೂ ಅವನು ಒಂದೊಂದಾಗಿ ಮುಚ್ಚಿದ. ಕಂಪನಿಯವರು ಎರಡನೇ ಪರೀಕ್ಷೆ ಕೇಳಬಹುದು. ಅಲ್ಲಿ ಏನೂ ಸಿಗುವುದಿಲ್ಲ. ಸಿಗದಿದ್ದರೇನು? ಈ ಕೆಟ್ಟ ಬ್ಯಾಕ್ಟೀರಿಯಾ ಒಂದು ಗಮ್ಮಿಯಲ್ಲಿದ್ದು ಪಕ್ಕದ ಗಮ್ಮಿಯಲ್ಲಿ ಇಲ್ಲದಿರುವುದು ಸಹಜ ಎಂದು ಎಲ್ಲ ಲ್ಯಾಬಿನವರಿಗೂ ಗೊತ್ತು. ಅಷ್ಟರೊಳಗೆ ತಾಯಂದಿರ ವಾಟ್ಸಾಪ್ ಗುಂಪುಗಳು ಶ್ರೀಮಂತನ ಕಂಪನಿಯನ್ನು ಮುಗಿಸಿರುತ್ತವೆ. ಇನ್ನು ಸಂದೀಪನಿಗೂ ಆ ಕಂಪನಿಗೂ ಏನು ಸಂಬಂಧ? ಡಿವೋರ್ಸ್ ಆದ ಹೆಂಡತಿ ಅಲ್ಲಿ ಸಂಬಳಕ್ಕೆ ದುಡಿಯುತ್ತಾಳೆ. ಸಂಬಳದವರ ಹೆಸರು ಯಾವ ಸರ್ಕಾರಿ ಕಾಗದದಲ್ಲೂ ಇರುವುದಿಲ್ಲ. ಅವನನ್ನು ಅನುಮಾನಿಸಲು ಯಾರಿಗೂ ಒಂದು ಎಳೆ ಸಿಗುವಂತಿರಲಿಲ್ಲ.

ಶ್ರೀಮಂತ ಮುಳುಗಿದರೆ ಲಾವಣ್ಯಾ ಮನೆಗೆ ಬರುತ್ತಾಳೆ. ಅವನಿಗೆ ಬೇಕಾದದ್ದು ಇಷ್ಟೇ. ಬಂದಾಗ ಈ ಸಲ ಪಾಠ ಮಾಡುವುದಿಲ್ಲ, 'ಬಾ' ಎನ್ನುತ್ತಾನೆ. ದಾದರಿನಲ್ಲಿ ಗಾಡಿ ಬದಲಿಸುವಾಗ, ಜನ ತಳ್ಳಾಡುವ ಮೆಟ್ಟಿಲ ಮೇಲೆ, ಆ ಒಂದಕ್ಷರವನ್ನು ಅವನು ಎಷ್ಟೋ ಸಲ ಬಾಯೊಳಗೇ ಹೇಳಿಕೊಂಡಿದ್ದ.

ಅವನು ಆ ಚೂರನ್ನು ಸೇರಿಸಿದ ಮೂರನೇ ದಿನ ಜತೆ ಕೆಲಸದ ಮಹಾದೇವಿ ಎರಡು ಪ್ಲೇಟು ಹಿಡಿದುಕೊಂಡು ಬಂದಳು. ವಿಜಯಪುರದ ಹೆಂಗಸು, ಐವತ್ತರ ಹತ್ತಿರ, ಲ್ಯಾಬಿನಲ್ಲಿ ಅವನಿಗಿಂತ ಹಳಬಳು.

"ಸರ, ಇಲ್ಲಿ ನೋಡ್ರಿ. ಒಳ್ಳೇ ಬ್ಯಾಕ್ಟೀರಿಯಾ ಎಷ್ಟ್ ಚಂದ ಬಂದಾವು! ಡಬ್ಬಿ ಮ್ಯಾಲ ಬರ್ದದ್ದಕ್ಕಿಂತ ಜಾಸ್ತೀನೇ ಅದಾವ್ರೀ. ಗಮ್ಮಿ ಒಳಗ ಹಿಂಗ ಜೀವಂತ ಇದ್ದದ್ದು ನಾ ನೋಡೇ ಇಲ್ಲ."

ಸಂದೀಪ ಪ್ಲೇಟನ್ನು ಬೆಳಕಿಗೆ ಹಿಡಿದ. ಬಿಳಿಯ ಸಣ್ಣ ಚುಕ್ಕೆಗಳು ತುಂಬಿ ತುಳುಕುತ್ತಿದ್ದವು. ಬಿಸಿಗೆ ಸಾಯದ, ಬೀಜದ ಹಾಗೆ ಚಿಪ್ಪು ಕಟ್ಟಿಕೊಂಡು ಮಲಗುವ ಜಾತಿಯನ್ನು ಹುಡುಕಿ ಹಾಕಿದ್ದರು. ಶ್ರೀಮಂತನಿಗೆ ಇದು ತಿಳಿದಿರಲು ಸಾಧ್ಯವಿಲ್ಲ. ಅಡುಗೆಮನೆಯಲ್ಲಿ ಸಂದೀಪ ಆಡಿದ ಮಾತನ್ನು ಲಾವಣ್ಯಾ ಸಿಟ್ಟಿನಲ್ಲಿ ಬಿಟ್ಟುಹೋಗಿರಲಿಲ್ಲ, ಹೊತ್ತುಕೊಂಡು ಹೋಗಿ ಅದಕ್ಕೆ ಉತ್ತರ ಹುಡುಕಿದ್ದಳು. ಅವನ ಎದೆ ಉರಿಯಿತು. ಪಕ್ಕದಲ್ಲೇ ಸಾಲ್ಮೊನೆಲ್ಲಾ ಪ್ಲೇಟಿನ ಕೆಲಸ ಶುರುವಾಗಿತ್ತು, ನಿಲ್ಲಿಸಲು ಇನ್ನೂ ಸಮಯವಿತ್ತು. ಅವನು ನಿಲ್ಲಿಸಲಿಲ್ಲ.

ಐದನೇ ದಿನ ಆ ಪ್ಲೇಟಿನಲ್ಲಿ, ನಡುವೆ ಕಪ್ಪು ಬೊಟ್ಟಿಟ್ಟಂಥ ಗುಂಡನೆಯ ಚುಕ್ಕೆಗಳು ಕಾಣಿಸಿದವು. ಮಹಾದೇವಿ ನೋಡಿ ಹೌಹಾರಿದಳು. "ಅಯ್ಯ ಶಿವನ, ಮಕ್ಕಳು ತಿನ್ನೂದ್ರೀ ಇದು!" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಸಂದೀಪ ಗಂಭೀರವಾಗಿ ತಲೆಯಾಡಿಸಿ ವರದಿ ಬರೆದ: ಒಳ್ಳೆಯ ಬ್ಯಾಕ್ಟೀರಿಯಾ ಉತ್ತಮ, ಸಾಲ್ಮೊನೆಲ್ಲಾ ಇದೆ, ಸೇವನೆಗೆ ಸುರಕ್ಷಿತವಲ್ಲ. ಕೆಳಗೆ ಸಹಿ ಹಾಕಿದ.

ಅಂದುಕೊಂಡದ್ದಕ್ಕಿಂತ ಬೇಗ ಎಲ್ಲ ನಡೆಯಿತು. ವರದಿ ಹೊರಬಿದ್ದ ಮೂರನೇ ದಿನ ಅಂಗಡಿಗಳಿಂದ ಆಮೆಗಳು ಮಾಯವಾದವು. ಮಲಾಡಿನ ಒಬ್ಬ ತಾಯಿ, ತನ್ನ ಮಗು ಈ ಗಮ್ಮಿ ತಿಂದೇ ವಾಂತಿ ಮಾಡಿಕೊಂಡಿತೆಂದು ಪೊಲೀಸರಿಗೆ ದೂರು ಕೊಟ್ಟಳು. ಮಳೆಗಾಲದ ಮುಂಬಯಿಯಲ್ಲಿ ವಾಂತಿ ಮಾಡದ ಮಗು ಯಾವುದಿದೆ? ಅದು ಎರಡು ದಿನದಲ್ಲಿ ಎದ್ದು ಆಡುತ್ತಿತ್ತು, ದೂರು ಮಾತ್ರ ಉಳಿಯಿತು. ಕೇಳದೆ ಸಿಕ್ಕಿದ ಸಹಾಯ ಎಂದುಕೊಂಡ ಸಂದೀಪ, ಶ್ರೀಮಂತನ ಬಂಧನದ ಸುದ್ದಿಗೆ ಕಾದ.

ಶುಕ್ರವಾರ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಲಾವಣ್ಯಾಳ ಧ್ವನಿ. ಅವನ ಕೈಯಲ್ಲಿದ್ದ ಡಬ್ಬಿಯ ಚಪಾತಿ ಹಾಗೇ ಉಳಿಯಿತು.

"ನಾನು ಪೊಲೀಸ್ ಸ್ಟೇಷನ್ನಲ್ಲಿ ಇದ್ದೇನೆ. ಬೇರೆ ಯಾರಿಗೆ ಮಾಡುದು ಅಂತ ಗೊತ್ತಾಗ್ಲಿಲ್ಲ."

"ಹೆದರ್ಬೇಡ ಮಾರಾಯ್ತಿ. ಹೇಳಿಕೆ ತಗೊಂಡು ಬಿಡ್ತಾರೆ. ಅವ ಮಾಡಿದ್ದಕ್ಕೆ ನೀನೆಂತಕ್ಕೆ..." ಅವನ ಬಾಯಲ್ಲಿ 'ಬಾ' ಸಿದ್ಧವಾಗಿತ್ತು.

"ಬಿಡುದಿಲ್ಲ. ಬಿಡುದೂ ಬೇಡ." ಅವಳು ಅಳುತ್ತಿರಲಿಲ್ಲ, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. "ಆ ಮಗುವಿಗೆ ವಾಂತಿಭೇದಿ ಆದದ್ದು ನನ್ನಿಂದ ಅಲ್ವಾ? ನಮ್ಮದು ಹಾಗೆ ಹೋಯ್ತು. ಈಗ ಬೇರೆಯವರ ಮಗುವಿಗೆ ನಾನೇ ಕೊಟ್ಟೆ. ಎರಡನೇ ಟೆಸ್ಟ್ ಕೇಳಿ ಅಂತ ಶ್ರೀಮಂತಣ್ಣ ಕಾಲು ಹಿಡಿದ್ರು. ಬೇಡ ಅಂತ ಬರೆದು ಕೊಟ್ಟೆ."

"ಬೇಡ ಅಂತ ಯಾಕೆ ಕೊಟ್ಟೆ? ಕೇಳು! ಈಗ್ಲೇ ಕೇಳು!"

"ರಿಪೋರ್ಟಲ್ಲಿ ನಿಮ್ಮ ಸಹಿ ಉಂಟು. ನನಗೆ ಬೇಜಾರಾಗ್ತದೆ ಅಂತ ಗೊತ್ತಿದ್ದೂ ನೀವು ಸುಳ್ಳು ಹೇಳಿದವರಲ್ಲ. ಅವತ್ತು ನಾನು ಸಿಟ್ಟು ಮಾಡಿದ್ದು ತಪ್ಪು. ಇಷ್ಟು ಹೇಳುವ ಅಂತ ಫೋನ್ ಮಾಡಿದ್ದು."

ಫೋನು ಇಟ್ಟಳು. ಒಬ್ಬ ಸಂಬಳದವಳು ಎರಡನೇ ಪರೀಕ್ಷೆ ಬೇಡ ಎಂದು ಹೇಗೆ ಬರೆದುಕೊಡುತ್ತಾಳೆ ಎಂಬುದು ಅವನಿಗೆ ತಿಳಿಯಲಿಲ್ಲ. ಅವನು ನೋಂದಣಿ ಕೋಣೆಗೆ ಓಡಿ ಸ್ಯಾಂಪಲ್ಲಿನ ಕಡತ ಎಳೆದ.

ತಿನ್ನುವ ವಸ್ತು ತಯಾರಿಸುವ ಯಾವ ಕಂಪನಿಯೇ ಆಗಲಿ, ತಪ್ಪಾದರೆ ಜೈಲಿಗೆ ಹೋಗಿಯಾದರೂ ಉತ್ತರಿಸಬೇಕಾದ ಒಬ್ಬ ವ್ಯಕ್ತಿಯ ಹೆಸರನ್ನು ಬರೆದುಕೊಡಬೇಕು. ಮಾಲೀಕನೇ ಆಗಬೇಕೆಂದಿಲ್ಲ, ಒಪ್ಪಿದ ಯಾರಾದರೂ ಆಗಬಹುದು; ಎರಡನೇ ಪರೀಕ್ಷೆ ಬೇಕು, ಬೇಡ ಎಂದು ಬರೆದುಕೊಡುವುದೂ ಆ ವ್ಯಕ್ತಿಯೇ. ಹದಿನಾಲ್ಕು ವರ್ಷದಿಂದ ಗೊತ್ತಿದ್ದ ಈ ನಿಯಮ ಚಹಾ ಕುಡಿಯುವಾಗ ಅವನಿಗೆ ನೆನಪಾಗಿರಲಿಲ್ಲ. ಕಡತದ ಮೊದಲ ಹಾಳೆಯಲ್ಲಿ ಆ ಹೆಸರಿತ್ತು. ಮುಂಬಯಿಯ ಹೆಂಗಸರು ಬರೆಯುವ ಹಾಗೆ, ತನ್ನ ಹೆಸರು, ಗಂಡನ ಹೆಸರು, ಮನೆತನದ ಹೆಸರು: ಲಾವಣ್ಯಾ ಸಂದೀಪ ಬಂಗೇರ. ಅದೇ ಕಡತದ ಕೊನೆಯ ಹಾಳೆಯಲ್ಲಿ ವರದಿ ಬರೆದವನ ಸಹಿ: ಸಂದೀಪ ಬಂಗೇರ. ಓದು ಬರುವ ಯಾವ ಪೇದೆಗಾದರೂ ಸಂಬಂಧ ಕಾಣುವಂತಿತ್ತು. ಆದರೆ ಸಂದೀಪ ನೋಡುತ್ತಿದ್ದದ್ದು ಅವಳ ಸಹಿಯ ಕೆಳಗಿನ ತಾರೀಖನ್ನು. ಕೋರ್ಟಿನ ಹೊರಗೆ ಅವಳು ರಿಕ್ಷಾ ಹತ್ತಿದ ದಿನಕ್ಕಿಂತ ಅದು ನಾಲ್ಕು ತಿಂಗಳು ಈಚಿನದು. ಆಗಲೂ ಅವಳು ಅವನ ಹೆಸರನ್ನು ತೆಗೆದಿರಲಿಲ್ಲ.