ಇನ್ನು ಮೂರೇ ಇಟ್ಟಿಗೆ

ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷ. ಯೋಗೇಶ್ ಒಲೆಯೊಳಗೆ ಹೋಗಿ ಎರಡು ನಿಮಿಷವಾಗಿತ್ತು.

ಅದು ಅಡುಗೆಮನೆಯ ಒಲೆಯಲ್ಲ. ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಡ್ರೈಯರ್‌ನ ಒಲೆ. ಒಂದು ಸಣ್ಣ ಕೋಣೆಯಷ್ಟು ದೊಡ್ಡದು. ಒಳಗೋಡೆ, ಒಳಚಾವಣಿ ಎಲ್ಲವೂ ಬೆಂಕಿ ತಡೆಯುವ ಇಟ್ಟಿಗೆಯವು. ಒಳಗೆ ಹೋಗಲು ಇದ್ದದ್ದು ಒಂದೇ ಬಾಗಿಲು. ಅದು ಎರಡು ಅಡಿ ಅಗಲ, ಎರಡು ಅಡಿ ಎತ್ತರ.

ಆ ಬಾಗಿಲಿನ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಸುಮಾಳ ಅಮ್ಮ ರೇವತಿ ಕೂತಿದ್ದಳು. ಕೈಯಲ್ಲಿದ್ದ ಮೊಬೈಲಿನಲ್ಲಿ ಟೈಮರ್ ಓಡುತ್ತಿತ್ತು.

"ಯೋಗಣ್ಣಾ, ಬೆಳಿಗ್ಗೆ ಏನು ತಿಂಡಿ?" ಅಮ್ಮ ಕೂಗಿದಳು.

"ಕಡುಬು!" ಬಾವಿಯೊಳಗಿಂದ ಬಂದ ಹಾಗೆ ದನಿ ಬಂತು. "ನಿಮ್ಮನೆ ತರ ಕಲ್ಲು ಕಡುಬಲ್ಲ ಮಾರಾಯ್ತಿ, ಮೆತ್ತಗಿತ್ತು!" ಅಮ್ಮನ ಅಡುಗೆಯನ್ನು ಆಡಿಕೊಳ್ಳದೆ ಅವರು ಒಂದು ದಿನವೂ ಬಿಟ್ಟವರಲ್ಲ.

"ಎಷ್ಟು ತಿಂದ್ರಿ?"

"ಆರು. ಏಳನೇದನ್ನ ಧರ್ಮೇಶ ಕದ್ದ!"

"ಕದ್ದಿಲ್ಲ, ಕೇಳಿಯೇ ತಗೊಂಡಿದ್ದು!" ಎಂದು ಅವರ ಮಗ ಧರ್ಮೇಶ ಈಚೆಯಿಂದ ಕಿರುಚಿದ.

ಒಲೆಯಿಂದ ಹದಿನೈದು ಅಡಿ ದೂರದಲ್ಲಿ ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದರು. ಮಕ್ಕಳು ಅದನ್ನು ದಾಟುವಂತಿರಲಿಲ್ಲ. ಕುಸುಮಾ ಮತ್ತು ಧರ್ಮೇಶ ಇಬ್ಬರೂ ಐದನೇ ಕ್ಲಾಸ್. ಸ್ಕೂಲ್ ಬಿಟ್ಟವರು ಸೀದಾ ಇಲ್ಲಿಗೆ ಬಂದು ಗೆರೆಯ ಈಚೆ ಖಾಲಿ ಚೀಲಗಳ ಮೇಲೆ ಕೂತಿದ್ದರು.

"ನೋಡಿದ್ಯಾ?" ಧರ್ಮೇಶ ಮೊಣಕೈಯಿಂದ ತಿವಿದ. "ಕೆಲಸ ಎಲ್ಲ ನಮ್ಮಪ್ಪಂದು. ನಿಮ್ಮಮ್ಮಂಗೆ ಕುರ್ಚಿ ಮೇಲೆ ಕೂತು ಹರಟೆ ಹೊಡೆಯೋದಕ್ಕೆ ಕೂಲಿ. ರೇಡಿಯೋ ರೇವತಿ!"

ಕಳೆದ ಸಲದ ಒಲೆ ರಿಪೇರಿಯಲ್ಲಿ ಹುಟ್ಟಿದ ಈ ಹೆಸರು ಈಗ ಸ್ಕೂಲಿನಲ್ಲೂ ಹರಡಿತ್ತು. ನಿನ್ನೆ ಆಟದ ಬಿಡುವಿನಲ್ಲಿ ಮೂರು ಜನ ಅವಳನ್ನು "ರೇಡಿಯೋ ಮಗಳೇ" ಎಂದು ಕರೆದಿದ್ದರು. ರಾತ್ರಿ ಅವಳು ಅಮ್ಮನಿಗೆ ಹೇಳಿಯೂ ಇದ್ದಳು: "ನಾಳೆ ನೀನೂ ಇಟ್ಟಿಗೆ ಹೊರಮ್ಮ. ಎಲ್ಲರಿಗೂ ಕಾಣೋ ಹಾಗೆ ಏನಾದ್ರೂ ಮಾಡು." ಅಮ್ಮ ನಕ್ಕು ದೀಪ ಆರಿಸಿದ್ದಳು.

ಇಷ್ಟಕ್ಕೆಲ್ಲ ಕಾರಣ ಮಳೆ. ಜನವರಿಯಲ್ಲಿ ಬರಬಾರದ ಮಳೆ ಮೂರು ದಿನ ಸುರಿದಿತ್ತು. ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್, ಕಣದಲ್ಲಿ ಟಾರ್ಪಾಲಿನ ಕೆಳಗೆ ಒದ್ದೆಯಾಗಿಯೇ ಬಿದ್ದಿತ್ತು. ಬಿಸಿಲಿಲ್ಲದಾಗ ಒಣಗಿಸಲು ಡ್ರೈಯರ್ ಒಂದೇ ದಾರಿ. ಗುರುವಾರ ಬೆಳಗಿನ ಜಾವ ಆ ಡ್ರೈಯರ್‌ನ ಒಲೆಯೊಳಗಿನ ಕಮಾನು ಕುಸಿಯಿತು. ಕೂಡಲೇ ಬೆಂಕಿ ತೆಗೆದರು, ಕೆಂಡ ಎಳೆದು ಹಾಕಿದರು, ಫ್ಯಾನ್ ಹಚ್ಚಿದರು. ಆದರೆ ಕಾದ ಇಟ್ಟಿಗೆ ಬೇಗ ತಣಿಯುವುದಿಲ್ಲ. ಶನಿವಾರ ಆ ಕಮಾನನ್ನು ಮತ್ತೆ ಕಟ್ಟಲು ಹೊರಟಾಗಲೂ ಒಳಗಿನ ಗಾಳಿ ಐವತ್ತಾರು ಡಿಗ್ರಿ ಇತ್ತು. ಗೋಡೆ ಅದಕ್ಕಿಂತ ಎಷ್ಟೋ ಬಿಸಿ.

ಟೈಮರ್ ಹೊಡೆಯಿತು. ಆರು ನಿಮಿಷ.

"ಬನ್ನಿ ಯೋಗಣ್ಣ," ಎಂದಳು ಅಮ್ಮ.

ಯೋಗೇಶ್ ಒಳಗೆ ಹೋಗಿ ಬರುತ್ತಿದ್ದದ್ದು ನಾಲ್ಕು ಸಣ್ಣ ಚಕ್ರಗಳಿದ್ದ ಹಲಗೆಯ ಮೇಲೆ ಮಲಗಿ. ಅದಕ್ಕೆ ಹಗ್ಗ ಕಟ್ಟಿತ್ತು. ಹಿರಿಯ ಗಾರೆ ಮೇಸ್ತ್ರಿ ಬೆಳ್ಳಿಯಪ್ಪ ಮತ್ತು ಯೋಗೇಶ್ ಜೊತೆ ಸರದಿಯ ಮೇಲೆ ಒಳಗೆ ಹೋಗುವ ದಯಾನಂದ ಹಗ್ಗ ಎಳೆದರು. ಮೊದಲು ಬೂಟು, ಆಮೇಲೆ ಎರಡು ಶರ್ಟು ತೊಟ್ಟ ಮೈ, ಕೊನೆಗೆ ಉಣ್ಣೆಯ ಮಂಕಿ ಕ್ಯಾಪ್ ಹಾಕಿದ ತಲೆ ಹೊರಗೆ ಬಂತು.

ಯೋಗೇಶ್ ಗ್ಲೌಸ್ ಕಳಚಿ ತಲೆಕೆಳಗೆ ಹಿಡಿದರು. ಅದರೊಳಗಿಂದ ಬೆವರು ನೀರಿನ ಹಾಗೆ ಸುರಿಯಿತು. ಕುಸುಮಾ ಬಾಯಿ ತೆರೆದು ನೋಡಿದಳು. ಒಬ್ಬ ಮನುಷ್ಯನ ಕೈಯಿಂದ ಆರು ನಿಮಿಷಕ್ಕೆ ಅಷ್ಟು ಬೆವರು ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ದಯಾನಂದ ಒಳಗೆ ಹೋದರು. ಯೋಗೇಶ್ ಮರದ ನೆರಳಲ್ಲಿ ಕೂತು ಉಪ್ಪು ಹಾಕಿದ ಮಜ್ಜಿಗೆ ಕುಡಿದರು. ಆರು ನಿಮಿಷ ಕೆಲಸ, ಅರ್ಧ ಗಂಟೆ ವಿಶ್ರಾಂತಿ. ಅದು ಬೆಳ್ಳಿಯಪ್ಪ ಮಾಡಿದ ನಿಯಮ. ಅವರು ಹೊರಗಿನ ಫ್ಯಾಕ್ಟರಿಗಳಲ್ಲಿ ಇಪ್ಪತ್ತೆರಡು ವರ್ಷ ಇಂಥ ಒಲೆಗಳನ್ನೇ ರಿಪೇರಿ ಮಾಡಿದವರು.

"ಅಜ್ಜ, ಒದ್ದೆ ಗೋಣಿ ಹೊದ್ದುಕೊಂಡು ಹೋದ್ರೆ ತಂಪಲ್ವಾ?" ಧರ್ಮೇಶ ಕೇಳಿದ.

"ಕಡುಬು ಬೇಯೋದು ಬೆಂಕಿಗೋ ಹಬೆಗೋ?" ಬೆಳ್ಳಿಯಪ್ಪ ಇಟ್ಟಿಗೆಗೆ ಗಾರೆ ಸವರುತ್ತ ಕೇಳಿದರು.

"ಹಬೆಗೆ."

"ಹ್ಞಾಂ. ಅಷ್ಟು ಕಾವಲ್ಲಿ ಒದ್ದೆ ಗೋಣಿ ಹೊದ್ರೆ ಅದೇ ಹಬೆ ಆಗುತ್ತೆ. ನಿಮ್ಮಪ್ಪನೂ ಕಡುಬಾಗ್ತಾನೆ. ಅದಕ್ಕೇ ಒಣ ಬಟ್ಟೆ, ದಪ್ಪ ಬಟ್ಟೆ."

"ಇಟ್ಟಿಗೆ ಮೇಲೇ ನೀರು ಹುಯ್ದ್ರೆ?" ಕುಸುಮಾ ಕೇಳಿದಳು.

"ಬಿಸಿ ಗ್ಲಾಸಿಗೆ ತಣ್ಣೀರು ಹುಯ್ದ್ರೆ ಏನಾಗುತ್ತೆ ಪುಟ್ಟಿ? ಬಿರುಕು. ನಿಂತಿರೋ ಗೋಡೆನೂ ಬೀಳುತ್ತೆ. ನೋಡು, ಒಳಗೆ ಹೊಸ ತಗಡು ಅಡ್ಡ ನಿಲ್ಲಿಸಿದೀವಿ. ಅದು ಹೊಳೆಯುತ್ತಲ್ಲ, ಗೋಡೆ ಕಾವನ್ನ ಗೋಡೆಗೇ ವಾಪಸ್ ಕಳಿಸುತ್ತೆ."

ಕುಸುಮಾ ದನಿ ತಗ್ಗಿಸಿದಳು. "ಮತ್ತೆ ಅಮ್ಮ ಯಾಕೆ ಅಜ್ಜ? ಟೈಮರ್ ಇದೆಯಲ್ಲ. ಸುಮ್ಮನೆ ಮಾತಾಡಿಸ್ತಾ ಇರೋದು ಯಾಕೆ?"

ಬೆಳ್ಳಿಯಪ್ಪ ಕರಣೆ ಕೆಳಗಿಟ್ಟರು. "ಕಾವು ಮೊದಲು ಚರ್ಮ ಸುಡುತ್ತೆ ಅಂದ್ಕೊಂಡಿದೀಯ? ಮೊದಲು ಹೋಗೋದು ಬುದ್ಧಿ. ಹೋಗಿದೆ ಅಂತ ಒಳಗಿರೋನಿಗೆ ಗೊತ್ತೇ ಆಗಲ್ಲ. ಅವನ ಮಾತಲ್ಲಿ ಹೊರಗಿನವರೇ ಹಿಡೀಬೇಕು. ಮುಂಚೆ ಈ ಕೆಲಸಕ್ಕೆ ನಮ್ಮ ಮಂಜಯ್ಯ ಕೂರ್ತಿದ್ದ. ಅವನಿಗೆ ಕಿವಿ ಮಂದ ಆಯ್ತು. ನಿಮ್ಮಮ್ಮಂಗೆ..."

ಅಷ್ಟರಲ್ಲಿ ಜೀಪು ಬಂತು. ಬೆಳ್ಳಿಯಪ್ಪ ಮಾತು ಅಲ್ಲಿಗೇ ಬಿಟ್ಟು ಎದ್ದರು. ಬಂದವರು ಎಸ್ಟೇಟಿನ ಯಜಮಾನ ಓಂಕಾರಮೂರ್ತಿ. ಕೈಯಲ್ಲಿ ಒಂದು ಹಿಡಿ ಪಾರ್ಚ್‌ಮೆಂಟ್. ಅದನ್ನು ಮೂಗಿಗೆ ಹಿಡಿದರು, ಮುಖ ಸಿಂಡರಿಸಿದರು.

"ಹುಳಿ ವಾಸನೆ ಶುರುವಾಗ್ತಿದೆ ಬೆಳ್ಳಿಯಪ್ಪ. ಇವತ್ತು ಬೆಂಕಿ ಹಾಕದಿದ್ರೆ ವರ್ಷದ ಬೆಳೆ ಕಣದಲ್ಲೇ ಕೊಳೆಯುತ್ತೆ. ಎಷ್ಟು ಇಟ್ಟಿಗೆ ಬಾಕಿ?"

"ದಯಾನಂದ ಈ ಸಲ ಇಟ್ಟು ಬಂದ ಮೇಲೆ ಮೂರು ಸಾಹುಕಾರ್ರೇ."

"ಮೂರೇ!" ಓಂಕಾರಮೂರ್ತಿ ಉಸಿರು ಬಿಟ್ಟರು.

ನಿಜವಾಗಿ ಇನ್ನೂ ಎರಡು ದಿನ ಒಲೆ ತಣಿಯಲಿ ಎಂದೇ ಬೆಳ್ಳಿಯಪ್ಪ ಹೇಳಿದ್ದರು. ಯಜಮಾನರು ಕೈ ಮುಗಿಯುವಂತೆ ಕೇಳಿಕೊಂಡ ಮೇಲೆ ಒಂದು ಷರತ್ತು ಹಾಕಿ ಒಪ್ಪಿದ್ದರು. "ಒಳಗೆ ಹೋಗೋರು ಯೋಗೇಶ, ದಯಾನಂದ. ಹೊರಗೆ ಕರೆಯೋಳು ರೇವತಿ. ಅವಳು ಕರೆದ ಮೇಲೆ ನಾನೂ ಮಾತಾಡಲ್ಲ, ನೀವೂ ಮಾತಾಡಬಾರ್ದು." ಓಂಕಾರಮೂರ್ತಿ ಆಗಲಿ ಎಂದಿದ್ದರು.

ಹನ್ನೆರಡು ನಲವತ್ತೈದಕ್ಕೆ ಯೋಗೇಶ್ ಮತ್ತೆ ಹಲಗೆಯ ಮೇಲೆ ಮಲಗಿದರು. ಅದು ಅವರ ಐದನೇ ಸರದಿ. ಮೂರು ಇಟ್ಟಿಗೆ, ಒಂದು ಬಾಣಲಿ ಗಾರೆ ಜೊತೆಗೆ ಹೋಯಿತು.

"ಯೋಗಣ್ಣಾ, ಸೇರಿದ್ರಾ?"

"ಸೇರಿದೆ ಸೇರಿದೆ. ರೇಡಿಯೋ, ಒಂದು ಒಳ್ಳೆ ಹಾಡು ಹಾಕು!"

ಧರ್ಮೇಶ ಕಿಸಕ್ಕನೆ ನಕ್ಕ. ಕುಸುಮಾ ತಲೆ ತಗ್ಗಿಸಿದಳು.

ಒಂದು ನಿಮಿಷ. "ಧರ್ಮೇಶಂಗೆ ಲೆಕ್ಕದಲ್ಲಿ ಎಷ್ಟು ಮಾರ್ಕ್ಸ್ ಬಂತು?"

"ಹದಿನೇಳು."

ಉತ್ತರ ಸರಿಯಾಗಿಯೇ ಇತ್ತು, ಜೊತೆಗೆ ತಮಾಷೆ ಮಾತ್ರ ಇರಲಿಲ್ಲ. ಅಮ್ಮ ಕುರ್ಚಿಯ ತುದಿಗೆ ಸರಿದಳು.

ಎರಡು ನಿಮಿಷ. "ಇಟ್ಟಿಗೆ ಎಷ್ಟು ಇಟ್ಟಾಯ್ತು?"

"ಎರಡು. ಒಂದು ಬಾಕಿ."

ಓಂಕಾರಮೂರ್ತಿ ಮುಗುಳ್ನಕ್ಕರು. ಬೆಂಕಿ ಹಾಕುವವರಿಗೆ ಸೌದೆ ತರಲು ಕೈ ಸನ್ನೆ ಮಾಡಿದರು.

ಅಮ್ಮ ನಗಲಿಲ್ಲ. ಬಾಗಿಲಿನ ಹತ್ತಿರಕ್ಕೆ ಬಗ್ಗಿದಳು. ಕಾವಿಗೆ ಅವಳ ಕೆನ್ನೆ ಕೆಂಪಾಯಿತು. "ಯೋಗಣ್ಣಾ, ನಿನ್ನೆ ನಿಮ್ಮನೆಗೆ ಸಾರು ಕೊಟ್ಟಿದ್ನಲ್ಲ, ಹೇಗಿತ್ತು?"

ಉತ್ತರ ತಡವಾಗಿ ಬಂತು.

"ಚೆನ್ನಾಗಿತ್ತು."

ಅಮ್ಮ ಎದ್ದು ನಿಂತಳು. "ಎಳೀರಿ."

"ಏನಾಯ್ತಮ್ಮ?" ಓಂಕಾರಮೂರ್ತಿ ಮುಂದೆ ಬಂದರು. "ಇನ್ನೂ ಮೂರು ನಿಮಿಷ ಇದೆ. ಒಂದೇ ಇಟ್ಟಿಗೆ. ಕೇಳಿದ್ದಕ್ಕೆಲ್ಲ ಸರಿಯಾಗೇ ಹೇಳ್ತಿದ್ದಾನಲ್ಲ?"

"ನನ್ನ ಸಾರು ಚೆನ್ನಾಗಿತ್ತು ಅಂದ್ರು ಸಾಹುಕಾರ್ರೇ."

ಸೌದೆ ಹೊತ್ತು ಬಂದವರು ನಕ್ಕರು. ಧರ್ಮೇಶ ಬಿದ್ದು ಬಿದ್ದು ನಕ್ಕ. ಕುಸುಮಾಳ ಕಿವಿ ಬಿಸಿಯಾಯಿತು. ಅಮ್ಮ ಕೂತುಕೊಳ್ಳಲಿ, ಸುಮ್ಮನೆ ಕೂತುಕೊಳ್ಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಇಷ್ಟು ಜನರ ಎದುರು, ಯಜಮಾನರ ಎದುರು, ಸಾರಿನ ಮಾತು!

"ಒಂದೇ ಬಾಕಿ, ಎಳೀಬೇಡಿ!" ಯೋಗೇಶ್ ಒಳಗಿನಿಂದ ಜೋರಾಗಿ ಕೂಗಿದರು.

"ಬೆಳ್ಳಿಯಪ್ಪಣ್ಣ, ಎಳೀರಿ ಅಂದೆ," ಅಮ್ಮ ಎಂದಳು. ಅವಳ ಅಷ್ಟು ಖಡಕ್ ದನಿಯನ್ನು ಕುಸುಮಾ ಎಂದೂ ಕೇಳಿರಲಿಲ್ಲ.

ಬೆಳ್ಳಿಯಪ್ಪ ಕೂಡಲೇ ಹಗ್ಗ ಹಿಡಿದರು. ದಯಾನಂದ ಕೈ ಸೇರಿಸಿದರು. ಕೊಟ್ಟ ಮಾತು ನೆನಪಾಗಿ ಓಂಕಾರಮೂರ್ತಿ ಪಕ್ಕಕ್ಕೆ ಸರಿದರು.

ಹಲಗೆ ಹೊರಗೆ ಬಂತು.

ಅದರ ಮೇಲೆ ಮೂರು ಇಟ್ಟಿಗೆಗಳೂ ಹಾಗೇ ಇದ್ದವು. ಬಾಣಲಿಯ ಗಾರೆಯನ್ನು ಯಾರೂ ಮುಟ್ಟಿರಲಿಲ್ಲ. ಅದರ ಮೇಲ್ಮೈ ಒಣಗಿ ಬಿರುಕು ಬಿಟ್ಟಿತ್ತು.

ಯೋಗೇಶ್ ಕಣ್ಣು ತೆರೆದೇ ಇದ್ದರು. ಎದ್ದು ನಿಲ್ಲಲು ಹೋದರು, ಕಾಲು ನಿಲ್ಲಲಿಲ್ಲ. ಗೆರೆ ದಾಟಿ ಓಡಿ ಬಂದ ಧರ್ಮೇಶನನ್ನು ಒಂದು ಕ್ಷಣ ನೋಡಿದರು.

"ಯಾರ ಹುಡುಗ ನೀನು?" ಎಂದು ಕೇಳಿದರು.

ಈಗ ಯಾರೂ ನಗಲಿಲ್ಲ.

"ನೆರಳಿಗೆ!" ಅಮ್ಮ ಕೂಗಿದಳು. ನಾಲ್ಕು ಜನ ಯೋಗೇಶ್ ಅವರನ್ನು ಎತ್ತಿ ಮರದ ಕೆಳಗೆ ಮಲಗಿಸಿದರು. ಟೋಪಿ, ಶರ್ಟು, ಬೂಟು ತೆಗೆದರು. ಹೊರಗೆ ನೀರು ಬೇಕಾದಷ್ಟು ಹುಯ್ಯಬಹುದಿತ್ತು. ಒಬ್ಬರು ಕೊಡದಿಂದ ಹುಯ್ದರು, ಇನ್ನೊಬ್ಬರು ರಟ್ಟಿನ ತುಂಡಿನಿಂದ ಗಾಳಿ ಹಾಕಿದರು. ಧರ್ಮೇಶ ಲೋಟದಲ್ಲಿ ನೀರು ತಂದ.

"ಕುಡಿಸಬೇಡ ಮಗ. ಈಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಮೈ ಮೇಲೆ ಹಾಕು," ಎಂದಳು ಅಮ್ಮ. ಅವನು ಅಪ್ಪನ ಕುತ್ತಿಗೆಯ ಮೇಲೆ ಆ ನೀರು ಹಾಕಿದ.

ಕುರ್ಚಿಯ ಮೇಲೆ ಬಿಟ್ಟಿದ್ದ ಮೊಬೈಲಿನ ಟೈಮರ್ ಆಗ ಹೊಡೆದುಕೊಳ್ಳತೊಡಗಿತು. ಎಲ್ಲರೂ ತಿರುಗಿ ನೋಡಿದರು. ಆರು ನಿಮಿಷ ಆದದ್ದು ಈಗ.

ಓಂಕಾರಮೂರ್ತಿ ಆ ಶಬ್ದವನ್ನು ಕೇಳುತ್ತ ನಿಂತರು. ಆಮೇಲೆ ಜೀಪಿನ ಹಿಂಬಾಗಿಲು ತಾವೇ ತೆಗೆದರು. "ಹತ್ತಿಸಿ. ಚಿಕ್ಕಮಗಳೂರಿಗೆ ನಾನೇ ಬಿಡ್ತೀನಿ," ಎಂದರು. ದಾರಿಯುದ್ದಕ್ಕೂ ಹುಯ್ಯಲು ಎರಡು ಕೊಡ ನೀರು ಇಟ್ಟುಕೊಂಡರು. ಧರ್ಮೇಶ ಅಪ್ಪನ ತಲೆಯ ಹತ್ತಿರ ಕೂತ. ಜೀಪು ತಿರುಗುವಾಗ ಅವನು ಕುಸುಮಾಳನ್ನು ನೋಡಲಿಲ್ಲ. ಅವಳ ಅಮ್ಮನನ್ನೇ ನೋಡುತ್ತಿದ್ದ.

ಬೆಳ್ಳಿಯಪ್ಪ ಒಲೆಯ ಬಾಗಿಲಿಗೆ ತಗಡು ಮುಚ್ಚಿದರು. "ಇವತ್ತು ಸಾಕು. ಸೌದೆ ವಾಪಸ್ ಒಯ್ರಿ," ಎಂದರು. ಉಳಿದವರೆಲ್ಲ ಪಾರ್ಚ್‌ಮೆಂಟ್ ತಿರುವಿ ಹಾಕಲು ಕಣಕ್ಕೆ ಹೋದರು.

ಅಮ್ಮ ಮತ್ತೆ ಕುರ್ಚಿಯಲ್ಲಿ ಕೂತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಕುಸುಮಾ ಗೆರೆ ದಾಟಿ ಹೋಗಿ ಹತ್ತಿರ ನಿಂತಳು.

"ಊಟ ಮಾಡಿದ್ಯಾ?" ಅಮ್ಮ ಕೇಳಿದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು.

"ಮಾಡಿದೆ."

"ಇಲ್ಲ," ಎಂದಳು ಅಮ್ಮ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಊಟದ ಡಬ್ಬಿ ಇದ್ದ ಸ್ಕೂಲ್ ಚೀಲದ ಕಡೆ ನೋಡಿಯೇ ಇರಲಿಲ್ಲ.

ದಿನಾ ಸಂಜೆ ಅಮ್ಮ ಕೇಳುತ್ತಿದ್ದ ಪ್ರಶ್ನೆಗಳು ಕುಸುಮಾಳಿಗೆ ಒಂದೊಂದಾಗಿ ನೆನಪಾದವು. ಬಸ್ಸಲ್ಲಿ ಸೀಟು ಸಿಕ್ತಾ, ಟೀಚರ್ ಏನು ಅಂದ್ರು, ಯಾರ ಜೊತೆ ಆಡಿದೆ. ಅವಳು ಪುಸ್ತಕದಿಂದ ತಲೆ ಎತ್ತದೆ ಹ್ಞೂಂ, ಊಹ್ಞೂಂ ಎನ್ನುತ್ತಿದ್ದಳು. "ರೇಡಿಯೋ ಮಗಳೇ" ಎಂದು ಕರೆಸಿಕೊಂಡು ಬಂದ ನಿನ್ನೆ ಸಂಜೆಯೂ, ಅವಳು ಏನೂ ಹೇಳುವ ಮೊದಲೇ ಅಮ್ಮ ಪಕ್ಕದಲ್ಲಿ ಬಂದು ಕೂತಿದ್ದಳು.

ಕುಸುಮಾ ನೆಲದ ಮೇಲೆ ಕೂತು ಚೀಲದಿಂದ ಡಬ್ಬಿ ತೆಗೆದಳು. ಮೊದಲ ತುತ್ತನ್ನು ಅಮ್ಮನ ಬಾಯಿಗೆ ಇಟ್ಟಳು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಒಲೆಯೊಳಗೆ ನಲವತ್ತಮೂರು ಡಿಗ್ರಿ ಇತ್ತು. ದಯಾನಂದ ಒಳಗೆ ಹೋಗಿ ಮೂರು ಇಟ್ಟಿಗೆ ಇಟ್ಟು ಬಂದರು. ನಾಲ್ಕು ನಿಮಿಷ ಹಿಡಿಯಿತು. ಯೋಗೇಶ್ ಸೋಮವಾರ ಆಸ್ಪತ್ರೆಯಿಂದ ಮನೆಗೆ ಬಂದರು. ಹೊಸ ಗಾರೆ ನಿಧಾನವಾಗಿ ಒಣಗಬೇಕೆಂದು ಮೊದಲು ಸಣ್ಣ ಉರಿ ಹಾಕಿದರು. ಡ್ರೈಯರ್ ತಿರುಗಿದ್ದು ಮಂಗಳವಾರ ಸಂಜೆ ನಾಲ್ಕಕ್ಕೆ. ಅಷ್ಟರಲ್ಲಿ ಮೂವತ್ತು ಮೂಟೆ ಪಾರ್ಚ್‌ಮೆಂಟ್ ಹುಳಿ ವಾಸನೆ ಹಿಡಿದಿತ್ತು. ಅದನ್ನು ಬೇರೆಯಾಗಿ ಒಣಗಿಸಿದರು.